ತುಕ್ಕು ಹಿಡಿದ ಹಳೆ ಕಾರು ನಿಜಕ್ಕೂ ‘ಲಕ್ಷಗಳ ನಿಧಿ’ಯೇ? ಮುಂಗಡ ಕೊಡುವ ಮೊದಲು ಪರೀಕ್ಷಿಸುವುದು ಹೇಗೆ?

ನೀವೂ ಆ ವಿಡಿಯೊ ನೋಡಿರಬಹುದು. ಗಿಡಗಂಟಿಗಳ ನಡುವೆ ಮುಳುಗಿಹೋದ ಹಳೆಯ ಕಾರು. ಒಬ್ಬರು ಬಂದು ನೀರು ಹೊಡೆಯುತ್ತಾರೆ, ಉಜ್ಜುತ್ತಾರೆ, ಬಣ್ಣ ಬಳಿಯುತ್ತಾರೆ. ಒಂದೇ ನಿಮಿಷದಲ್ಲಿ ಕಾರು ಮದುವಣಗಿತ್ತಿಯಂತೆ ಸಿಂಗಾರಗೊಂಡು ನಿಲ್ಲುತ್ತದೆ. ಕೆಳಗೆ ಒಂದು ಸಾಲು: ‘ಅಜ್ಜನ ಕಾಲದ ಅಂಬಾಸಿಡರ್, ಪದ್ಮಿನಿ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ, ಇದು ವಿಂಟೇಜ್, ಲಕ್ಷ ಲಕ್ಷ ಬೆಲೆ ಬಾಳುತ್ತದೆ. ಎಲ್ಲರಿಗೂ ಕಳುಹಿಸಿ.’

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಇದನ್ನು ನಮಗೆ ಕಳುಹಿಸಿ ‘ಇದು ನಿಜವಾ?’ ಎಂದು ಕೇಳಿದರು. ಅವರ ಪ್ರಶ್ನೆಯ ಹಿಂದೆ ಒಂದು ಅವಸರವಿತ್ತು. ತೀರಿಕೊಂಡ ಅಪ್ಪನ 1982ರ ಪ್ರೀಮಿಯರ್ ಪದ್ಮಿನಿ ಕೊಟ್ಟಿಗೆಯ ಪಕ್ಕದ ಮಾಡಿನಡಿ 2007ರಿಂದ ನಿಂತೇ ಇದೆ. ತಮ್ಮನಿಗೆ ಗುಜರಿಗೆ ಕೊಟ್ಟು ಜಾಗ ಖಾಲಿ ಮಾಡುವ ಆಸೆ. ಅಮ್ಮನಿಗೆ ಮನಸ್ಸಿಲ್ಲ. ಅಷ್ಟರಲ್ಲಿ ಊರಿಗೆ ಬಂದ ಒಬ್ಬರು ‘ಎರಡೂವರೆ ಲಕ್ಷ ಕೊಡಿ, ಹೊಸದರಂತೆ ಮಾಡಿಕೊಡುತ್ತೇನೆ. ಮಾರಿದರೆ ದುಪ್ಪಟ್ಟು ಬರುತ್ತದೆ. ಅರ್ಧ ಮುಂಗಡ ಬೇಕು’ ಎಂದಿದ್ದರು. ಕೈಯಲ್ಲಿದ್ದ ದುಡ್ಡು ಮಗಳ ಕಾಲೇಜು ಫೀಸಿಗೆಂದು ಇಟ್ಟದ್ದು.

ಹಳೆಯ ಕಾರುಗಳಲ್ಲಿ ಪಳಗಿದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ನಾವು ಆ ಮನೆಗೆ ಹೋದೆವು. ಅಲ್ಲಿ ಕಂಡದ್ದು, ಕಲಿತದ್ದು ಇಲ್ಲಿದೆ.

ಚುಟುಕಾಗಿ ಉತ್ತರ

ವಿಡಿಯೊದಲ್ಲಿ ಕಾಣುವ ಕೆಲಸ ಸುಳ್ಳಲ್ಲ. ಆದರೆ ಒಂದು ನಿಮಿಷದಲ್ಲಿ ತೋರಿಸಿದ್ದರ ಹಿಂದೆ ತಿಂಗಳುಗಟ್ಟಲೆ ದುಡಿಮೆ ಇರುತ್ತದೆ. ಹಳೆಯ ಕಾರು ಉಳಿಯುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಎಂಜಿನ್ ಅಲ್ಲ, ಬಣ್ಣವೂ ಅಲ್ಲ, ಅದರ ತಳ. ‘ಹಳೆಯದು ಎಂದರೆ ವಿಂಟೇಜ್’ ಎಂಬುದು ಕಾನೂನಿನ ಪ್ರಕಾರ ತಪ್ಪು. ‘ಖಂಡಿತ ಲಾಭ’ ಎಂಬ ಮಾತಿಗೆ ಆಧಾರವಿಲ್ಲ.

ತುಕ್ಕು ಅಂದರೆ ನಿಜವಾಗಿ ಏನು?

ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ತುಕ್ಕು. ಇದರಲ್ಲಿ ಒಂದನ್ನು ದೂರ ಇಟ್ಟರೂ ತುಕ್ಕು ನಿಲ್ಲುತ್ತದೆ. ಬಣ್ಣ ಮಾಡುವ ಕೆಲಸ ಅಷ್ಟೇ: ನೀರು ಮತ್ತು ಗಾಳಿ ಕಬ್ಬಿಣವನ್ನು ಮುಟ್ಟದಂತೆ ತಡೆಯುವುದು.

ಅಲ್ಯೂಮಿನಿಯಂ ಕೂಡ ಗಾಳಿಗೆ ಒಡ್ಡಿಕೊಂಡಾಗ ಆಕ್ಸೈಡ್ ಆಗುತ್ತದೆ. ಆದರೆ ಆ ಪದರ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಪಾಡುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ರಂಧ್ರಗಳಿರುವ, ಪುಡಿಪುಡಿಯಾದ ಪದರ. ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಂಡು ಒಳಗಿನ ಕಬ್ಬಿಣವನ್ನು ತಿನ್ನುತ್ತಲೇ ಹೋಗುತ್ತದೆ. ಜೊತೆಗೆ, ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದಲೇ ಬಣ್ಣದಡಿ ಗುಳ್ಳೆ ಏಳುವುದು. ಹೊರಗೆ ಕಡಲೆಕಾಳಿನಷ್ಟು ಗುಳ್ಳೆ ಕಂಡರೆ ಒಳಗೆ ರೂಪಾಯಿ ನಾಣ್ಯದಷ್ಟು ಅಗಲ ಕೆಟ್ಟಿರಬಹುದು.

ಕರಾವಳಿಯಲ್ಲಿ ಗಾಳಿಯ ಉಪ್ಪು ಈ ಕ್ರಿಯೆಯನ್ನು ಜೋರು ಮಾಡುತ್ತದೆ. ಮಲೆನಾಡಿನಲ್ಲಿ ಉಪ್ಪಿಲ್ಲ, ಆದರೆ ಮಳೆಗಾಲ ಪೂರ್ತಿ ಗಾಳಿಯಲ್ಲೇ ನೀರು. ನಾವು ನೋಡಿದ ಕಾರಿಗೆ ಮಳೆ ನೇರವಾಗಿ ಬಿದ್ದಿರಲಿಲ್ಲ. ಮೇಲೆ ಹೆಂಚಿನ ಮಾಡು, ಕಾರಿನ ಮೇಲೆ ನೀಲಿ ಟಾರ್ಪಾಲು. ಆದರೆ ಕೆಳಗೆ ಮಣ್ಣಿನ ನೆಲ. ನೆಲದಿಂದ ಎದ್ದ ತೇವ ಟಾರ್ಪಾಲಿನೊಳಗೇ ಸಿಕ್ಕಿಕೊಂಡು ಹದಿನೈದಕ್ಕೂ ಹೆಚ್ಚು ಮಳೆಗಾಲ ಕಾರನ್ನು ಒದ್ದೆಯಾಗಿಟ್ಟಿತ್ತು. ಪ್ಲಾಸ್ಟಿಕ್ ಹೊದಿಕೆ ಮಳೆಯನ್ನು ತಡೆಯುತ್ತದೆ, ತೇವವನ್ನು ಹೊರಗೆ ಬಿಡುವುದಿಲ್ಲ. ಮನೆಯವರು ಕಾಳಜಿಯಿಂದಲೇ ಮುಚ್ಚಿದ್ದರು. ಹಾನಿ ಅದರಿಂದಲೇ ಆಗಿತ್ತು.

ತಳವೇ ಯಾಕೆ ಮುಖ್ಯ?

ಲಾರಿ, ಜೀಪುಗಳಿಗೆ ಕೆಳಗೆ ಪ್ರತ್ಯೇಕ ಚಾಸಿ ಇರುತ್ತದೆ. ಅದರ ಮೇಲೆ ಬಾಡಿ ಕೂತಿರುತ್ತದೆ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಹಾಗೆಯೇ ಇತ್ತು. ಆದರೆ ಅಂಬಾಸಿಡರ್ ಮತ್ತು ಪದ್ಮಿನಿ ‘ಮಾನೊಕಾಕ್’ ಮಾದರಿಯವು. ಅಂದರೆ ಬಾಡಿಯೇ ಚಾಸಿ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಪಟ್ಟಿ, ಕಂಬಗಳು ಎಲ್ಲ ಸೇರಿ ಭಾರ ಹೊರುತ್ತವೆ.

ಮನೆಯ ಹೋಲಿಕೆ ಕೊಡುವುದಾದರೆ, ಕಂಬಗಳ ಮೇಲೆ ಮಾಡು ನಿಂತ ಮನೆಯಲ್ಲಿ ಒಂದು ಗೋಡೆ ಕುಸಿದರೂ ಮಾಡು ಉಳಿಯುತ್ತದೆ. ಗೋಡೆಯ ಮೇಲೆಯೇ ಮಾಡು ಕೂತ ಮನೆಯಲ್ಲಿ ಗೋಡೆ ಹೋದರೆ ಮಾಡೂ ಹೋಗುತ್ತದೆ. ಪದ್ಮಿನಿ ಎರಡನೆಯ ಜಾತಿಯದು. ಹಾಗಾಗಿ ಬಾಗಿಲ ಮೇಲಿನ ತುಕ್ಕು ಬರೀ ಅಂದದ ಸಮಸ್ಯೆ, ತಳದ ತುಕ್ಕು ಪ್ರಾಣದ ಸಮಸ್ಯೆ.

ಮುಟ್ಟುವ ಮೊದಲು: ನಿಮ್ಮ ಸುರಕ್ಷತೆ

ವರ್ಷಗಟ್ಟಲೆ ನಿಂತ ಕಾರು ಹಾವು, ಚೇಳು, ಇಲಿಗಳ ಮನೆ. ಬಾನೆಟ್, ಡಿಕ್ಕಿ, ಸೀಟಿನಡಿ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ, ಟಾರ್ಚ್ ಬಿಟ್ಟು ನೋಡಿ. ಇಲಿಯ ಮೂತ್ರದಿಂದ ಇಲಿ ಜ್ವರ ಹರಡಬಹುದು, ಅದರಲ್ಲೂ ಕೈಯಲ್ಲಿ ಗಾಯವಿದ್ದರೆ. ಗ್ಲೌಸ್, ಬೂಟು ಹಾಕಿಕೊಳ್ಳಿ. ಇಲಿಗೂಡನ್ನು ಒಣಗಿದಂತೆಯೇ ಗುಡಿಸದೆ ಬ್ಲೀಚಿಂಗ್ ನೀರು ಚಿಮುಕಿಸಿ ತೆಗೆಯಿರಿ.

ಹಳೆಯ ಬ್ರೇಕ್ ಶೂ ಮತ್ತು ಕ್ಲಚ್ ಪ್ಲೇಟುಗಳಲ್ಲಿ ಕಲ್ನಾರು ಇರುತ್ತಿತ್ತು, ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು. ಬ್ರೇಕ್ ಡ್ರಮ್ಮಿನ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ. ಬಣ್ಣವನ್ನು ಮಾಸ್ಕ್ ಇಲ್ಲದೆ ಒಣದಾಗಿ ಉಜ್ಜಬೇಡಿ.

ಎಲ್ಲಕ್ಕಿಂತ ಮುಖ್ಯ: ಬರೀ ಜಾಕ್ ಮೇಲೆ ನಿಂತ ಕಾರಿನಡಿ ಯಾವತ್ತೂ ನುಸುಳಬೇಡಿ. ಜಾಕ್ ಕೊಡುವ ಜಾಗವೇ ತುಕ್ಕಿಗೆ ಟೊಳ್ಳಾಗಿರಬಹುದು. ಗಟ್ಟಿ ಸ್ಟ್ಯಾಂಡ್ ಅಥವಾ ದಪ್ಪ ಮರದ ದಿಮ್ಮಿ ಬೇಕು. ಟೊಳ್ಳು ಸಿಮೆಂಟ್ ಇಟ್ಟಿಗೆ ಬೇಡ, ಅದು ಮುನ್ಸೂಚನೆ ಕೊಡದೆ ಒಡೆಯುತ್ತದೆ.

ಒಂದು ಅಯಸ್ಕಾಂತ, ಒಂದು ಸ್ಕ್ರೂಡ್ರೈವರ್: ಅರ್ಧ ಗಂಟೆಯ ಪರೀಕ್ಷೆ

ಈ ಪರೀಕ್ಷೆಗೆ ದುಬಾರಿ ಯಂತ್ರ ಬೇಡ. ನಮ್ಮ ಜೊತೆ ಬಂದ ಮೆಕ್ಯಾನಿಕ್ ಬಳಿ ಇದ್ದದ್ದು ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ, ಸ್ಕ್ರೂಡ್ರೈವರ್, ಚಿಕ್ಕ ಸುತ್ತಿಗೆ, ಟಾರ್ಚ್.

1. ಮೊದಲು ದೂರ ನಿಂತು ನೋಡಿ. ಬಾಗಿಲು ಮತ್ತು ಬಾಡಿಯ ನಡುವಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇದೆಯೇ? ಮೇಲೆ ಕಿರಿದು, ಕೆಳಗೆ ಅಗಲ ಇದ್ದರೆ ನಡು ಕುಸಿದಿರಬಹುದು. ಬಾಗಿಲು ತೆರೆದು ತುದಿ ಹಿಡಿದು ಮೆಲ್ಲಗೆ ಎತ್ತಿ. ಅಲುಗಾಡುವುದು ಕೀಲೋ ಅಥವಾ ಕೀಲು ಕೂತ ಕಂಬವೋ ಗಮನಿಸಿ. ಕೀಲಾದರೆ ಸಣ್ಣ ಖರ್ಚು, ಕಂಬವಾದರೆ ದೊಡ್ಡದು.

2. ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಡಿಯ ಮೇಲೆ ಜಾರಿಸಿ. ಕಬ್ಬಿಣ ಇರುವಲ್ಲಿ ಹಿಡಿಯುತ್ತದೆ. ಹಿಡಿಯದಿದ್ದರೆ ಅಲ್ಲಿ ದಪ್ಪ ಪುಟ್ಟಿ ಮೆತ್ತಿದ್ದಾರೆ ಎಂದರ್ಥ. ಆ ಪದ್ಮಿನಿಯ ಎಡಗಡೆ ಬಾಗಿಲ ಕೆಳಗಿನ ಪಟ್ಟಿ ನೋಡಲು ನುಣ್ಣಗಿತ್ತು. ಅಯಸ್ಕಾಂತ ಸುಮಾರು ಒಂದು ಗೇಣು ಉದ್ದ ಹಿಡಿಯಲೇ ಇಲ್ಲ.

3. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ಕೇಳಿ. ಗಟ್ಟಿ ತಗಡು ‘ಟಣ್’ ಎನ್ನುತ್ತದೆ, ಕೊಳೆತದ್ದು ‘ಡಬ್’ ಎನ್ನುತ್ತದೆ. ಸಂಶಯ ಬಂದಲ್ಲಿ ತುದಿಯಿಂದ ಒತ್ತಿ. ತಗ್ಗಿದರೆ ಅಥವಾ ತೂರಿಕೊಂಡರೆ ಆ ಭಾಗ ಕತ್ತರಿಸಿ ಹೊಸ ತಗಡು ಹಾಕಬೇಕು. ಮೊದಲು ಮಾಲೀಕರ ಒಪ್ಪಿಗೆ ಕೇಳುವುದು ಮರ್ಯಾದೆ.

4. ಮ್ಯಾಟ್ ಎತ್ತಿ. ರಬ್ಬರ್ ಮ್ಯಾಟಿನಡಿ ನೀರು ನಿಂತರೆ ವರ್ಷಗಳ ಕಾಲ ಆರುವುದಿಲ್ಲ. ಡ್ರೈವರ್ ಕಾಲಿಡುವ ಜಾಗ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಬ್ಯಾಟರಿ ತಟ್ಟೆಯ ಕೆಳಗೆ, ಮುಂದಿನ ಗಾಜಿನ ರಬ್ಬರಿನ ಕೆಳ ಮೂಲೆಗಳು, ಬಾಗಿಲುಗಳ ಅಡಿಯ ನೀರು ಇಳಿಯುವ ತೂತುಗಳು, ಇವಿಷ್ಟನ್ನು ಬಿಡದೆ ನೋಡಿ.

5. ಕೊನೆಗೆ ಭಾರ ಹೊರುವ ಜಾಗಗಳು. ಹಿಂದಿನ ಪಟ್ಟಿ ಸ್ಪ್ರಿಂಗ್ ಬಾಡಿಗೆ ಸೇರುವಲ್ಲಿ, ಮುಂದಿನ ಸಸ್ಪೆನ್ಶನ್ ಕೂತಲ್ಲಿ, ಸ್ಟೀರಿಂಗ್ ಬಾಕ್ಸ್ ಬೋಲ್ಟ್ ಆದಲ್ಲಿ, ಬಾಗಿಲ ಕಂಬದ ಬುಡದಲ್ಲಿ. ಇವು ನಿಮ್ಮಿಂದ ಆಗದಿದ್ದರೆ ಮೆಕ್ಯಾನಿಕ್ ನೋಡಲಿ, ಆದರೆ ನೀವು ಪಕ್ಕದಲ್ಲಿ ನಿಂತು ಪ್ರತಿಯೊಂದರ ಫೋಟೊ ತೆಗೆದುಕೊಳ್ಳಿ.

ಕಂಡದ್ದನ್ನೆಲ್ಲ ಮೂರು ಬಣ್ಣದಲ್ಲಿ ಬರೆದುಕೊಂಡರೆ ಸುಲಭ. ಹಸಿರು: ಮೇಲ್ಮೈ ತುಕ್ಕು, ಉಜ್ಜಿ ಪ್ರೈಮರ್ ಹೊಡೆದರೆ ಸಾಕು. ಹಳದಿ: ತೂತು ಬಿದ್ದಿದೆ, ಆದರೆ ಸುತ್ತಲೂ ವೆಲ್ಡಿಂಗ್ ಹಿಡಿಯುವಷ್ಟು ಗಟ್ಟಿ ತಗಡಿದೆ. ಕೆಂಪು: ಭಾರ ಹೊರುವ ಜಾಗವೇ ಕೊಳೆತಿದೆ. ಒಂದೆರಡು ಕೆಂಪು ಇದ್ದರೆ ಒಳ್ಳೆಯ ಟಿಂಕರ್ ಸರಿಪಡಿಸಬಲ್ಲರು. ನಾಲ್ಕೂ ಮೂಲೆ ಕೆಂಪಾದರೆ ನೀವು ಕಾರನ್ನು ದುರಸ್ತಿ ಮಾಡುವುದಿಲ್ಲ, ಹೊಸದಾಗಿ ಕಟ್ಟುತ್ತೀರಿ.

‘ಒಮ್ಮೆ ಸ್ಟಾರ್ಟ್ ಮಾಡಿ ನೋಡೋಣ’ ಎಂಬ ಆಸೆ

ಹೊಸ ಬ್ಯಾಟರಿ ಇಟ್ಟು ಕೀಲಿ ತಿರುಗಿಸುವುದು, ಟ್ರ್ಯಾಕ್ಟರಿಗೆ ಕಟ್ಟಿ ಗೇರಿನಲ್ಲಿ ಎಳೆಯುವುದು ಎರಡೂ ಬೇಡ. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ಕಚ್ಚಿಕೊಂಡಿರುತ್ತವೆ. ಬಲವಂತ ಮಾಡಿದರೆ ರಿಂಗ್ ಮುರಿಯುತ್ತದೆ, ಗೋಡೆ ಗೀರುತ್ತದೆ. ಸುಸ್ಥಿತಿಯಲ್ಲಿದ್ದ ಎಂಜಿನ್ ಹತ್ತು ಸೆಕೆಂಡಿನಲ್ಲಿ ಹಾಳಾಗುತ್ತದೆ.

ಸರಿಯಾದ ಕ್ರಮ ನಿಧಾನದ್ದು. ಎಂಜಿನ್ ಆಯಿಲ್ ಅಳತೆಯ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಸ್ವಲ್ಪ ತೆಳುವಾದ ಆಯಿಲ್ ಬಿಟ್ಟು ಕೆಲವು ದಿನ ಕಾಯಿರಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪಾನರ್ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸಿ. ತಿರುಗಿದರೆ ಒಳ್ಳೆಯ ಸೂಚನೆ. ತಿರುಗದಿದ್ದರೆ ಜಗಳ ಬೇಡ, ಎಂಜಿನ್ ಬಿಚ್ಚಬೇಕು.

ಟ್ಯಾಂಕಿನ ಹಳೆಯ ಪೆಟ್ರೋಲ್ ಅಂಟಾಗಿ ಕಾರ್ಬುರೇಟರ್ ಕಟ್ಟಿಕೊಂಡಿರುತ್ತದೆ, ಪೂರ್ತಿ ತೆಗೆಯಿರಿ. ‘ಖಾಲಿ’ ಟ್ಯಾಂಕಿನ ಹತ್ತಿರ ವೆಲ್ಡಿಂಗ್ ಮಾಡಬೇಡಿ, ಒಳಗೆ ಉಳಿದ ಆವಿಯೇ ಸಿಡಿಯಲು ಸಾಕು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ. ಹಾಗಾಗಿ ಪೈಪು, ಡಯಾಫ್ರಂ ಬದಲಿಸುವ ಲೆಕ್ಕ ಇಟ್ಟುಕೊಳ್ಳಿ.

ಬ್ರೇಕ್ ಆಯಿಲ್ ಕೂಡ ತೇವ ಹೀರಿ ಒಳಗಿಂದಲೇ ತುಕ್ಕು ಹಿಡಿಸಿರುತ್ತದೆ. ಎಂಜಿನ್ ಓಡಿದ ಖುಷಿಯಲ್ಲಿ ಬ್ರೇಕ್ ಇಲ್ಲದ ಕಾರನ್ನು ಅಂಗಳದಲ್ಲಿ ಓಡಿಸುವುದು ಅಪಾಯ. ಟೈರಿನ ವಯಸ್ಸು ತಿಳಿಯಲು ಅದರ ಪಕ್ಕದಲ್ಲಿರುವ ಡಿಒಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ. 2304 ಎಂದಿದ್ದರೆ 2004ರ 23ನೇ ವಾರದ್ದು. ಗೆರೆ ಎಷ್ಟೇ ಆಳವಿದ್ದರೂ ಅಂಥ ಟೈರಿನಲ್ಲಿ ರಸ್ತೆಗಿಳಿಯಬೇಡಿ.

ಕಾಗದ ಪತ್ರ: ಇಲ್ಲಿಯೇ ಹೆಚ್ಚು ಜನ ಎಡವುವುದು

*‘ಹಳೆಯದೆಲ್ಲ ವಿಂಟೇಜ್’ — ತಪ್ಪು.* ಕೇಂದ್ರ ಸರ್ಕಾರದ 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವಾಣಿಜ್ಯ ಬಳಕೆಗಲ್ಲದ ದ್ವಿಚಕ್ರ, ಚತುಶ್ಚಕ್ರ ವಾಹನ ಮಾತ್ರ ವಿಂಟೇಜ್. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು, ದೊಡ್ಡ ಮಾರ್ಪಾಡು ಆಗಿರಬಾರದು. ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ. ಹೀಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿಯಂಥ ಕೆಲಸಕ್ಕೆ ಓಡಿಸಬಹುದೇ ಹೊರತು ದಿನಾ ಸಂತೆಗೆ ಹೋಗಲು ಅಲ್ಲ. ನಮ್ಮ ಓದುಗರ 1982ರ ಕಾರಿಗೆ 50 ತುಂಬುವುದು 2032ಕ್ಕೆ.

*‘15 ವರ್ಷ ಆದರೆ ಗುಜರಿ ಕಡ್ಡಾಯ’ — ಇದೂ ತಪ್ಪು.* ದೆಹಲಿ ಸುತ್ತಮುತ್ತಲಿನ ನ್ಯಾಯಾಲಯದ ಆದೇಶಗಳ ಕತೆ ಬೇರೆ. ಕರ್ನಾಟಕದಲ್ಲಿ ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷ, ಆಮೇಲೆ ಆರ್‌ಟಿಒ ಪರಿಶೀಲನೆ, ಶುಲ್ಕ, ಹಸಿರು ತೆರಿಗೆಯೊಂದಿಗೆ 5 ವರ್ಷಕ್ಕೊಮ್ಮೆ ನವೀಕರಣ.

ಆದ್ದರಿಂದ ಮೊದಲ ಕೆಲಸ ಆರ್‌ಸಿ ಹುಡುಕುವುದು. ಅದರಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಕಾರಿನ ಮೇಲಿನ ಅಂಕಿಗೆ ತಾಳೆಯಾಗುತ್ತದೆಯೇ ನೋಡಿ. ಕೆಎ ಬರುವ ಮೊದಲಿನ ಹಳೆಯ ನಂಬರುಗಳ ಕಡತ ಕಂಪ್ಯೂಟರಿಗೆ ಏರಿರದೆ ಇರಬಹುದು, ಆರ್‌ಟಿಒನಲ್ಲಿ ವಿಚಾರಿಸಿ. ಮಾಲೀಕರು ತೀರಿಕೊಂಡಿದ್ದರೆ ಫಾರಂ 31ರ ಮೂಲಕ ವಾರಸುದಾರರ ಹೆಸರಿಗೆ ವರ್ಗಾವಣೆ ಆಗಬೇಕು. ಇದು ಆಗದೆ ಎಷ್ಟೇ ಚಂದ ಮಾಡಿದರೂ ಕಾರು ರಸ್ತೆಗೂ ಬರುವುದಿಲ್ಲ, ಕಾನೂನುಬದ್ಧವಾಗಿ ಮಾರಲೂ ಆಗುವುದಿಲ್ಲ.

ಗುಜರಿಗೆ ಕೊಡುವುದೇ ಆದರೂ ಆರ್‌ಸಿ ರದ್ದು ಮಾಡಿಸಿ. ಸರ್ಕಾರದಲ್ಲಿ ನೋಂದಾಯಿತ ಗುಜರಿ ಕೇಂದ್ರ ಪ್ರಮಾಣಪತ್ರ ಕೊಡುತ್ತದೆ. ಸುಮ್ಮನೆ ತೂಕಕ್ಕೆ ಹಾಕಿದರೆ ನಿಮ್ಮ ಚಾಸಿ ನಂಬರ್ ಬೇರೆ ಯಾವುದೋ ಕಾರಿನ ಮೇಲೆ ಕೂರಬಹುದು.

ಫಾರ್ವರ್ಡ್‌ಗಳಲ್ಲಿ ಬರುವ ಇನ್ನಷ್ಟು ಮಾತುಗಳು

*‘ಕೋಲಾ ಸುರಿದರೆ ತುಕ್ಕು ಮಾಯ.’* ಅರ್ಧ ಸತ್ಯ. ಕೋಲಾದಲ್ಲಿರುವ ಫಾಸ್ಫಾರಿಕ್ ಆಮ್ಲ ತೆಳು ತುಕ್ಕನ್ನು ಕರಗಿಸುತ್ತದೆ. ಸಣ್ಣ ಬೋಲ್ಟನ್ನು ನೆನೆಸಿಟ್ಟರೆ ಸ್ವಲ್ಪ ಹೊಳೆಯುತ್ತದೆ. ಕಾರಿನ ಬಾಡಿಗೆ ಸುರಿದರೆ ಸಕ್ಕರೆಯ ಅಂಟು ಉಳಿದು ಇರುವೆ ಬರುತ್ತದೆ, ಅಷ್ಟೇ.

*‘ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ.’* ಬೇಡವೇ ಬೇಡ. ಅದು ತುಕ್ಕಿನ ಜೊತೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಸಂದುಗಳಲ್ಲಿ ಉಳಿದ ಕ್ಲೋರೈಡ್ ಮುಂದೆ ತುಕ್ಕನ್ನು ಇನ್ನಷ್ಟು ವೇಗವಾಗಿ ಹಬ್ಬಿಸುತ್ತದೆ. ಅದರ ಹೊಗೆ ಶ್ವಾಸಕೋಶಕ್ಕೆ ಕೆಟ್ಟದು.

*‘ಕೆಂಪು ತುಕ್ಕನ್ನು ಕಪ್ಪು ಮಾಡುವ ದ್ರಾವಣ ಹಚ್ಚಿದರೆ ಸಾಕು.’* ಇದರ ವಿಜ್ಞಾನ ನಿಜ. ಅಡಿಕೆಯ ಚೊಗರು ತಾಗಿದ ಕತ್ತಿ ಕಪ್ಪಾಗುವುದನ್ನು ಮಲೆನಾಡಿನವರೆಲ್ಲ ನೋಡಿದ್ದಾರೆ. ಚೊಗರಿನ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಕಪ್ಪು ಸಂಯುಕ್ತವಾಗುತ್ತದೆ. ಅಂಗಡಿಯ ದ್ರಾವಣಗಳಲ್ಲಿ ಟ್ಯಾನಿಕ್ ಅಥವಾ ಫಾಸ್ಫಾರಿಕ್ ಆಮ್ಲ ಇರುತ್ತದೆ. ಆದರೆ ಇದು ತೆಳು ತುಕ್ಕಿಗೆ ಮಾತ್ರ ಮದ್ದು. ತೂತನ್ನು ಯಾವ ದ್ರಾವಣವೂ ಮುಚ್ಚುವುದಿಲ್ಲ.

*‘ಹಳೆ ಕಾಲದ ಕಬ್ಬಿಣ ಗಟ್ಟಿ, ತುಕ್ಕು ಹಿಡಿಯಲ್ಲ.’* ಇದಕ್ಕೆ ದೆಹಲಿಯ ಕಬ್ಬಿಣದ ಕಂಬದ ಉದಾಹರಣೆ ಕೊಡುತ್ತಾರೆ. ಸುಮಾರು 1600 ವರ್ಷ ಹಳೆಯ ಆ ಕಂಬದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದರಿಂದ ಮೇಲೆ ರಕ್ಷಣಾ ಪದರ ಬೆಳೆದಿದೆ. ಕಾರಿನ ತಗಡು ಬೇರೆಯದೇ ಉಕ್ಕು. ಇಂದಿನ ಕಾರುಗಳಿಗೆ ಸತುವಿನ ಲೇಪ ಮತ್ತು ಇಡೀ ಬಾಡಿಯನ್ನು ಮುಳುಗಿಸಿ ಹಚ್ಚುವ ಪ್ರೈಮರಿನ ರಕ್ಷಣೆ ಇದೆ. ಈ ವಿಷಯದಲ್ಲಿ ಹಳೆಯ ಕಾರುಗಳೇ ದುರ್ಬಲ.

*‘ತುಕ್ಕು ತಾಗಿದರೆ ಧನುರ್ವಾಯು.’* ತುಕ್ಕು ಕಾರಣವಲ್ಲ. ಕಾರಣ ಮಣ್ಣು, ಸಗಣಿಯಲ್ಲಿರುವ ಬ್ಯಾಕ್ಟೀರಿಯಾ. ಆದರೆ ಕೊಟ್ಟಿಗೆ ಪಕ್ಕದ ಕಾರಿನ ಹರಿತ ತಗಡಿಗೆ ಎರಡೂ ಮೆತ್ತಿರುತ್ತವೆ. ಗಾಯವಾದರೆ ಸೋಪು ನೀರಿನಿಂದ ತೊಳೆದು, ಟಿಟಿ ಲಸಿಕೆ ಬೇಕೇ ಎಂದು ವೈದ್ಯರನ್ನು ಕೇಳಿ.

ಖರ್ಚಿನ ಲೆಕ್ಕ ಹೇಗೆ?

ಪದ್ಮಿನಿ, ಅಂಬಾಸಿಡರ್‌ಗಳ ಒಂದು ಅನುಕೂಲವೆಂದರೆ ಇವು ದಶಕಗಳ ಕಾಲ ತಯಾರಾದವು. ಅಂಬಾಸಿಡರ್ ತಯಾರಿ ನಿಂತದ್ದು 2014ರಲ್ಲಿ. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳು 2023ರವರೆಗೆ ಓಡಿದವು. ಹಾಗಾಗಿ ಯಂತ್ರದ ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದಂಥ ಕಡೆ ಹುಡುಕಬಹುದು. ದುಡ್ಡು ನುಂಗುವುದು ಬಾಡಿ ಕೆಲಸ. ತಗಡು ಕತ್ತರಿಸಿ, ಬಗ್ಗಿಸಿ, ವೆಲ್ಡ್ ಮಾಡಿ, ಅಳತೆ ಕೂರಿಸುವುದು ಕೈಕೆಲಸ. ಅದಕ್ಕೆ ದಿನಗಟ್ಟಲೆ ಕೂಲಿ.

ಒಟ್ಟು ಮೊತ್ತ ಹೇಳಿ ಮುಂಗಡ ಕೇಳುವವರನ್ನು ನಂಬುವ ಮೊದಲು ಕೆಲಸವನ್ನು ಹಂತಗಳಾಗಿ ಬರೆಸಿಕೊಳ್ಳಿ: ತಳ ಮತ್ತು ವೆಲ್ಡಿಂಗ್, ಬ್ರೇಕ್ ಮತ್ತು ಸಸ್ಪೆನ್ಶನ್, ಎಂಜಿನ್, ವೈರಿಂಗ್, ಕೊನೆಗೆ ಬಣ್ಣ ಮತ್ತು ಸೀಟು. ಒಂದು ಹಂತ ಮುಗಿದು ಕಣ್ಣಾರೆ ನೋಡಿದ ಮೇಲೆ ಮುಂದಿನದಕ್ಕೆ ಹಣ. ಪುಟ್ಟಿ ಮೆತ್ತುವ ಮೊದಲಿನ ಫೋಟೊ ಬೇಕೆಂದು ಮೊದಲೇ ಹೇಳಿ. ಗ್ಯಾರೇಜಿಗೆ ಬಿಡುವಾಗ ಕಾರಿನಲ್ಲಿರುವ ಪ್ರತಿ ಭಾಗದ ಪಟ್ಟಿ ಮಾಡಿ ಸಹಿ ಹಾಕಿಸಿ. ಅಂದಾಜಿನ ಮೇಲೆ ಮೂರನೇ ಒಂದು ಪಾಲು ಹೆಚ್ಚುವರಿ ಇಟ್ಟುಕೊಳ್ಳಿ, ಯಾಕೆಂದರೆ ಬಿಚ್ಚಿದ ಮೇಲೆ ಕಾಣುವ ತುಕ್ಕು ಬಿಚ್ಚುವ ಮೊದಲಿನದಕ್ಕಿಂತ ಯಾವಾಗಲೂ ಹೆಚ್ಚು.

ಆ ಪದ್ಮಿನಿಯ ಕತೆ ಏನಾಯಿತು?

ಸಂಜೆಯ ಹೊತ್ತಿಗೆ ನಮ್ಮ ಪಟ್ಟಿ ಸಿದ್ಧವಾಗಿತ್ತು. ನೆಲದ ತಗಡು ಹಳದಿ. ಎರಡೂ ಬದಿಯ ಬಾಗಿಲ ಕೆಳಗಿನ ಪಟ್ಟಿ ಹಳದಿ. ಎಡ ಹಿಂಬದಿ ಸ್ಪ್ರಿಂಗ್ ಕೂರುವ ಜಾಗ ಕೆಂಪು. ಮುಂಭಾಗ ಗಟ್ಟಿ. ಎಂಜಿನ್ನಿಗೆ ಆಯಿಲ್ ಬಿಟ್ಟು ಬಂದಿದ್ದೆವು. ಒಂದು ವಾರದ ನಂತರ ಸ್ಪಾನರಿಗೆ ತಿರುಗಿತು ಎಂದು ಅವರೇ ಫೋನ್ ಮಾಡಿ ಹೇಳಿದರು. ಆರ್‌ಸಿ ಅಪ್ಪನ ಹೆಸರಿನಲ್ಲೇ ಇದೆ, ನವೀಕರಣ ಆಗಿಲ್ಲ.

‘ಹಾಗಾದ್ರೆ ಸರಿ ಆಗ್ತದೆ ಅಂತಲಾ?’ ಎಂದು ಅಮ್ಮ ಕೇಳಿದರು. ಆಗುತ್ತದೆ, ಆದರೆ ಎರಡೂವರೆ ಲಕ್ಷದಲ್ಲಿ ಮುಗಿಯುವ ಭರವಸೆ ಇಲ್ಲ, ಮಾರಿದರೆ ಹಾಕಿದ ದುಡ್ಡು ಬರುತ್ತದೆ ಎಂದು ಯಾರೂ ಹೇಳಲಾರರು ಎಂದು ಮೆಕ್ಯಾನಿಕ್ ನೇರವಾಗಿಯೇ ಹೇಳಿದರು. ಅವರು ಆ ದಿನದ ಕೂಲಿ ಮಾತ್ರ ತೆಗೆದುಕೊಂಡರು.

ಮುಂಗಡ ಕೊಡಲಿಲ್ಲ. ಫೀಸಿನ ದುಡ್ಡು ಫೀಸಿಗೇ ಹೋಯಿತು. ಗುಜರಿಗೂ ಕೊಡಲಿಲ್ಲ. ಅಣ್ಣ ತಮ್ಮ ಇಬ್ಬರೂ ಸೇರಿ ಟಾರ್ಪಾಲು ತೆಗೆದರು, ಮ್ಯಾಟ್ ಕಿತ್ತರು, ಕಾರನ್ನು ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದರು, ಕೆಳಗೆ ಜಲ್ಲಿ ಹಾಕಿದರು, ಗಾಳಿಯಾಡುವಂತೆ ಗಾಜನ್ನು ಒಂದು ಬೆರಳಿನಷ್ಟು ಇಳಿಸಿ ಜಾಲರಿ ಕಟ್ಟಿದರು. ಆರ್‌ಸಿ ವರ್ಗಾವಣೆಗೆ ಅರ್ಜಿ ಹಾಕಿದ್ದಾರೆ. ತುಕ್ಕು ಪೂರ್ತಿ ನಿಲ್ಲುವುದಿಲ್ಲ, ಆದರೆ ನಿಧಾನವಾಗುತ್ತದೆ. ನಿರ್ಧಾರಕ್ಕೆ ಕೆಲವು ವರ್ಷ ಸಿಗುತ್ತದೆ. ಬಹಳಷ್ಟು ಮನೆಗಳಿಗೆ ‘ಈಗಲೇ ಸರಿಮಾಡಿಸು’, ‘ಈಗಲೇ ಮಾರು’ ಎರಡಕ್ಕಿಂತ ಈ ಮೂರನೇ ದಾರಿ ಹೊಂದುತ್ತದೆ. ಇದಕ್ಕೆ ತಗಲಿದ ಖರ್ಚು ಒಂದು ಲೋಡ್ ಜಲ್ಲಿಯದು.

ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಇಂಥದ್ದೊಂದು ಕಾರು ನಿಂತಿದ್ದರೆ, ವಿಡಿಯೊ ಕಳುಹಿಸುವ ಮೊದಲು ಒಂದು ಅಯಸ್ಕಾಂತ ಹಿಡಿದು ಅದರ ಸುತ್ತ ಒಂದು ಸುತ್ತು ಬನ್ನಿ. ಮಳೆಗಾಲ ಶುರುವಾಗುವ ಮೊದಲೇ ಬಂದರೆ ಒಳ್ಳೆಯದು.